ಹಳೆಯ ಮಾರುತಿ 800 ಓಡುವಾಗಲೇ ಕರೆಂಟ್ ಪೂರ್ತಿ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿ ಬರುತ್ತದೆ. ದೋಷ ಎಲ್ಲಿದೆ?

ನೀವು ಹೇಳಿದ್ದು ಇಷ್ಟು: 1999ರ ಕಾರ್ಬ್ಯುರೇಟರ್ ಗಾಡಿ, ಉಡುಪಿಯಲ್ಲಿ ಮನೆ ಹೊರಗೇ ನಿಲ್ಲುತ್ತದೆ. ಓಡುತ್ತಿರುವಾಗ ಎಂಜಿನ್, ಮೀಟರ್ ಬೋರ್ಡ್, ಲೈಟು ಎಲ್ಲವೂ ಒಮ್ಮೆಲೇ ಬಂದ್. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಮತ್ತೆ ಸ್ಟಾರ್ಟ್. ಬ್ಯಾಟರಿ ಹೊಸದಾಗಿದ್ದರೂ ಗ್ಯಾರೇಜಿನವರು ಅದನ್ನೇ ಬದಲಿಸಿ ಎನ್ನುತ್ತಿದ್ದಾರೆ.

ಬದಲಿಸಬೇಡಿ. ಎಂಜಿನ್ ಓಡುವಾಗ ಕರೆಂಟ್ ಕೊಡುವುದು ಆಲ್ಟರ್ನೇಟರ್. ಬ್ಯಾಟರಿ ದುರ್ಬಲವಾಗಿದ್ದರೆ ಬೆಳಿಗ್ಗೆ ಸೆಲ್ಫ್ ತಿರುಗುವುದಿಲ್ಲವೇ ಹೊರತು ಅರವತ್ತರ ವೇಗದಲ್ಲಿ ಎಲ್ಲವೂ ಒಂದೇ ಕ್ಷಣಕ್ಕೆ ಆರುವುದಿಲ್ಲ. ಆಲ್ಟರ್ನೇಟರ್ ಕೆಟ್ಟರೆ ಚಾರ್ಜಿಂಗ್ ಲ್ಯಾಂಪ್ ಹತ್ತಿ, ಲೈಟು ಮಂಕಾಗಿ, ವೈಪರ್ ನಿಧಾನವಾಗಿ, ಕೊನೆಗೆ ಎಂಜಿನ್ ಮಿಸ್ ಹೊಡೆಯುತ್ತದೆ. ಎರಡೂ ಒಟ್ಟಿಗೆ ಕಡಿದು ಹೋಗಬೇಕಾದರೆ, ಅವೆರಡರ ಕರೆಂಟ್ ಸೇರಿ ಒಳಗೆ ಹೋಗುವ ದಾರಿಯಲ್ಲೇ ಎಲ್ಲೋ ಲೂಸ್ ಕಾಂಟ್ಯಾಕ್ಟ್ ಇರಬೇಕು. ಸಡಿಲ ಜಾಯಿಂಟ್‌ನಲ್ಲಿ ಕರೆಂಟ್ ಹರಿದರೆ ಅದು ಬಿಸಿಯಾಗುತ್ತದೆ, ಬಿಸಿಗೆ ಲೋಹ ಹಿಗ್ಗಿ ಸಂಪರ್ಕ ಬಿಡುತ್ತದೆ, ಆರಿದಾಗ ಮತ್ತೆ ಕೂಡುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿ ಸರಿಹೋಗುವುದು ಇದರಿಂದ.

ಮುಂದಿನ ಸಲ ಹೀಗಾದಾಗ ಬಾನೆಟ್ ಎತ್ತಿ ವೈರ್ ಅಲ್ಲಾಡಿಸಲು ಹೋಗಬೇಡಿ, ಸಾಕ್ಷಿ ಕೈತಪ್ಪುತ್ತದೆ. ಗಾಡಿ ಪಕ್ಕಕ್ಕೆ ನಿಂತ ಮೇಲೆ ಮೊದಲು ರೂಮ್ ಲೈಟ್ ಹಾಕಿ, ಬ್ರೇಕ್ ಒತ್ತಿ ಹಿಂದಿನ ಲೈಟು ನೋಡಿ. ಈ ಎರಡಕ್ಕೆ ಕೀ ಬೇಕಿಲ್ಲ. ಇವು ಚೆನ್ನಾಗಿ ಹತ್ತಿದರೆ ಬ್ಯಾಟರಿಯಿಂದ ಫ್ಯೂಸ್ ಬಾಕ್ಸ್‌ವರೆಗೆ ದಾರಿ ಸರಿಯಿದೆ, ದೋಷ ಇಗ್ನಿಷನ್ ಸ್ವಿಚ್‌ನಲ್ಲೋ ಅದಕ್ಕೆ ವೈರ್ ಜೋಡಿಸುವ ಪ್ಲಗ್ಗಾದ ಕಪ್ಲರ್‌ನಲ್ಲೋ ಇದೆ. ಇವೂ ಹತ್ತದಿದ್ದರೆ ಟರ್ಮಿನಲ್, ಮೇನ್ ಫ್ಯೂಸ್ ಅಥವಾ ಅರ್ತ್ (ಬ್ಯಾಟರಿ ಮೈನಸ್ ಕಡೆಯಿಂದ ಎಂಜಿನ್, ಬಾಡಿಗೆ ಹೋಗುವ ಸಂಪರ್ಕ). ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಹಜಾರ್ಡ್ ಲೈಟೂ ಆರಿರಬಹುದು, ಆದ್ದರಿಂದ ದೋಷ ಸರಿಯಾಗುವವರೆಗೆ ಕೆಂಪು ರಿಫ್ಲೆಕ್ಟರ್ ತ್ರಿಕೋನ ಗಾಡಿಯಲ್ಲಿರಲಿ. ಗಾಡಿ ಉರುಳುತ್ತಿರುವಾಗ ಕೀ ಹೊರಗೆ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ.

ಈಗ ಅಳತೆಗೆ ಬನ್ನಿ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು, 20 ವೋಲ್ಟ್ ಡಿಸಿಗೆ ಇಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬ್ಯಾಟರಿಗೆ 12.6 ಬಂದರೆ ಪೂರ್ತಿ ಚಾರ್ಜ್, 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಎಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಸ್ವಲ್ಪ ರೇಸ್ ಕೊಟ್ಟಾಗ 13.8ರಿಂದ 14.5ರೊಳಗೆ ಇರಬೇಕು. ಇವೆರಡು ಸರಿಯಿದ್ದರೆ ಬ್ಯಾಟರಿ, ಆಲ್ಟರ್ನೇಟರ್ ಎರಡನ್ನೂ ಮರೆತುಬಿಡಿ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಲೋಡ್ ಇಲ್ಲದೆ ಅಳೆದರೆ ಒಂದೇ ಎಳೆ ತಂತಿ ಉಳಿದ ವೈರ್ ಕೂಡ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ತಾನಾಗಿ ಕರೆಂಟ್ ಎಳೆಯುವುದೇ ಇಲ್ಲ. ಆದ್ದರಿಂದ ಹೆಡ್‌ಲೈಟ್ ಹಾಕಿಯೇ ಅಳೆಯಿರಿ. 60/55 ವ್ಯಾಟ್‌ನ ಎರಡು ಬಲ್ಬು ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ, ಕೆಟ್ಟ ಜಾಯಿಂಟ್ ಆಗ ಬಯಲಾಗುತ್ತದೆ. ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್ ಸೀಸದ ಕಂಬಕ್ಕೆ ಹಿಡಿಯಿರಿ, ಟರ್ಮಿನಲ್ ಕ್ಲ್ಯಾಂಪ್‌ಗಲ್ಲ. ಕೆಂಪು ಮೊನೆಯನ್ನು ಮೊದಲು ಪ್ಲಸ್ ಕಂಬಕ್ಕೆ, ನಂತರ ಅದರ ಕ್ಲ್ಯಾಂಪ್‌ಗೆ, ನಂತರ ಮೇನ್ ಫ್ಯೂಸ್ ಅಥವಾ (ಶಾರ್ಟ್ ಆದರೆ ತಾನೇ ಕರಗಿ ಕರೆಂಟ್ ಕಡಿಯುವ ವೈರ್ ತುಂಡಾದ) ಫ್ಯೂಸಿಬಲ್ ಲಿಂಕ್‌ನ ಈಚೆ, ಆಚೆ, ಆಮೇಲೆ ಫ್ಯೂಸ್ ಬಾಕ್ಸ್‌ಗೆ. ಎರಡು ಜಾಗಗಳ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ಇಳಿದರೆ ದೋಷ ಆ ಎರಡರ ನಡುವೆಯೇ. ಕಂಬಕ್ಕೂ ಕ್ಲ್ಯಾಂಪ್‌ಗೂ ವ್ಯತ್ಯಾಸ ಕಂಡರೆ ಬೇರೆ ಹುಡುಕುವುದೇ ಬೇಡ.

ಅರ್ತ್ ಅಳೆಯಲು ಕಪ್ಪು ಮೊನೆ ಅದೇ ಮೈನಸ್ ಕಂಬದಲ್ಲಿರಲಿ. ಇಗ್ನಿಷನ್ ಕಾಯಿಲ್‌ನ ಸಣ್ಣ ವೈರ್ ಕಳಚಿಡಿ, ಆಗ ಸೆಲ್ಫ್ ತಿರುಗಿದರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಕೆಂಪು ಮೊನೆಯನ್ನು ಎಂಜಿನ್ ಬ್ಲಾಕ್‌ನ ಬರಿ ಲೋಹಕ್ಕೆ ಒತ್ತಿ, ಇನ್ನೊಬ್ಬರಿಂದ ಐದಾರು ಸೆಕೆಂಡ್ ಸೆಲ್ಫ್ ಹೊಡೆಸಿ. 0.2 ಆಸುಪಾಸು ಬಂದರೆ ಸರಿ, 0.5 ದಾಟಿದರೆ ಅರ್ತ್ ಕೇಬಲ್ ಕೆಟ್ಟಿದೆ. ಬಾಡಿಗೂ ಹೀಗೆಯೇ, ಸೆಲ್ಫ್ ಬದಲು ಹೆಡ್‌ಲೈಟ್ ಹಾಕಿ ನೋಡಿ, 0.1 ದಾಟಬಾರದು. ಮೀಟರ್ ಇಲ್ಲದಿದ್ದರೆ ಒಂದು ಜಂಪರ್ ಕೇಬಲನ್ನು ಮೈನಸ್ ಕಂಬದಿಂದ ಎಂಜಿನ್ ಬ್ಲಾಕ್‌ಗೆ ಕಟ್ಟಿ. ಸೆಲ್ಫ್ ಚುರುಕಾದರೆ ಉತ್ತರ ಸಿಕ್ಕಿತು.

ಕರಾವಳಿಯ ಉಪ್ಪುಗಾಳಿಯಲ್ಲಿ ನಿಲ್ಲುವ ಗಾಡಿಗೆ ನನ್ನ ಮೊದಲ ಅನುಮಾನ ಕಿಲುಬಿನ ಮೇಲೆ. ಹೊರಗೆ ಕಾಣುವ ಬಿಳಿ, ಹಸಿರು ಪುಡಿಗಿಂತ ಕೇಬಲ್ಲಿನ ರಬ್ಬರ್ ಒಳಗೆ ಹೊಕ್ಕ ಕಿಲುಬು ಅಪಾಯ. ಟರ್ಮಿನಲ್ ಪಕ್ಕದಲ್ಲಿ ಕೇಬಲ್ ಊದಿದ್ದರೆ, ಬಗ್ಗಿಸಿದಾಗ ಕರಕರ ಎಂದರೆ, ಇಡೀ ಕೇಬಲ್ ಬದಲಿಸಿ. ತುದಿ ಕತ್ತರಿಸಿ ಬೋಲ್ಟಿನ ಟರ್ಮಿನಲ್ ಹಾಕುವುದು ಹೆಚ್ಚು ದಿನ ಬಾಳುವುದಿಲ್ಲ.

ಸ್ವಚ್ಛ ಮಾಡುವಾಗ 10ರ ಸ್ಪ್ಯಾನರ್‌ನಿಂದ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೆ ಬ್ರಷ್‌ನಿಂದ ಉಜ್ಜಿ. ಬ್ಯಾಟರಿ ಮುಚ್ಚಳದ ರಂಧ್ರದೊಳಗೆ ಆ ನೀರು ಇಳಿಯಬಾರದು. ಒಣಗಿದ ಮೇಲೆ ಕಂಬ, ಕ್ಲ್ಯಾಂಪಿನ ಒಳಮೈ, ಬಾಡಿಗೆ ಅರ್ತ್ ಕೂರುವ ಜಾಗ ಎಲ್ಲವನ್ನೂ ಉಪ್ಪುಕಾಗದದಿಂದ ಹೊಳೆಯುವಂತೆ ತಿಕ್ಕಿ, ಬಿಗಿ ಮಾಡಿ, ಆಮೇಲೆ ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಅರ್ತ್ ಬೋಲ್ಟಿನ ಕೆಳಗೆ ಪೇಂಟ್ ಇದ್ದರೆ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ.

ಫ್ಯೂಸಿಬಲ್ ಲಿಂಕ್ ಹೊರಗಿನಿಂದ ಚೆನ್ನಾಗಿಯೇ ಕಾಣಬಹುದು. ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ, ರಬ್ಬರಿನಂತೆ ಹಿಗ್ಗಿದರೆ ಒಳಗಿನ ತಂತಿ ಕರಗಿದೆ. ಅದರ ಜಾಗಕ್ಕೆ ಅದೇ ರೇಟಿಂಗಿನದ್ದೇ ಬೇಕು. ಮಾಮೂಲಿ ವೈರ್ ಸುತ್ತಿ ಕಳುಹಿಸುವ ಎಲೆಕ್ಟ್ರಿಶಿಯನ್ ಹತ್ತಿರ ಮತ್ತೆ ಹೋಗಬೇಡಿ, ಶಾರ್ಟ್ ಆದ ದಿನ ಇಡೀ ಹಾರ್ನೆಸ್ (ಗಾಡಿಯ ವೈರುಗಳ ಕಟ್ಟು) ಹೊತ್ತಿಕೊಳ್ಳುತ್ತದೆ. ಓಡುವ ಎಂಜಿನ್‌ನಲ್ಲಿ ಬ್ಯಾಟರಿ ಕೇಬಲ್ ತೆಗೆದು ಆಲ್ಟರ್ನೇಟರ್ ಪರೀಕ್ಷಿಸುವುದಕ್ಕೂ ಬಿಡಬೇಡಿ. ಆ ಕ್ಷಣ ಏರುವ ವೋಲ್ಟೇಜಿಗೆ ಆಲ್ಟರ್ನೇಟರ್ ಒಳಗಿನ ಡಯೋಡ್ ಹೋಗಬಹುದು, ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಯಾದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಎಂ ಕೂಡ.

ರೂಮ್ ಲೈಟ್ ಹತ್ತಿ ಮೀಟರ್ ಬೋರ್ಡ್ ಸತ್ತಿದ್ದರೆ ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಇಗ್ನಿಷನ್ ಸ್ವಿಚ್‌ನ ಕಪ್ಲರ್ ಎಳೆದು ನೋಡಿ. ಪಿನ್ ಸುತ್ತ ಕಂದಾಗಿದ್ದರೆ, ಕರಗಿದ್ದರೆ, ಕಪ್ಲರ್ ಮತ್ತು ಸ್ವಿಚ್ ಎರಡನ್ನೂ ಬದಲಿಸಿ. ಬರೀ ಸ್ವಿಚ್ ಹಾಕಿದರೆ ಸಡಿಲ ಪಿನ್ ಹೊಸದನ್ನೂ ಸುಡುತ್ತದೆ. ಲಾಕ್‌ನ ಹಿಂಭಾಗದ ವಿದ್ಯುತ್ ಭಾಗ ಬೇರೆಯಾಗಿ ಸಿಕ್ಕರೆ ಕೀ ಬದಲಿಸಬೇಕಿಲ್ಲ.

ಸುಡಲು ಕಾರಣ ಹೆಚ್ಚಾಗಿ ಆಮೇಲೆ ಸೇರಿಸಿದ ಹೊರೆ. ಸ್ವಿಚ್‌ನಿಂದಲೇ ಕರೆಂಟ್ ಕದ್ದ ಮ್ಯೂಸಿಕ್ ಸಿಸ್ಟಮ್, ಜೋಡಿ ಹಾರ್ನ್ ಇದ್ದರೆ ಅವಕ್ಕೆ ಬ್ಯಾಟರಿಯಿಂದ ಫ್ಯೂಸ್ ಹಾಕಿದ ಬೇರೆ ವೈರ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್) ಕೊಡಿಸಿ: ರಿಲೇಯ ಪಿನ್ ನಂಬರ್ 30ಕ್ಕೆ ಬ್ಯಾಟರಿ, 87ಕ್ಕೆ ಹಾರ್ನ್, 85 ಮತ್ತು 86ಕ್ಕೆ ಹಳೆಯ ಸ್ವಿಚ್ ವೈರ್ ಮತ್ತು ಅರ್ತ್. 100/90 ಬಲ್ಬು ಹಾಕಿದ್ದರೆ ತೆಗೆಯಿರಿ, ಹೈ ಬೀಮ್‌ನಲ್ಲಿ 16 ಆಂಪಿಯರ್ ದಾಟುತ್ತದೆ, ಈ ಗಾಡಿಯ ತೆಳು ವೈರಿಂಗ್ ಅದಕ್ಕಲ್ಲ.

ಅಳತೆ ತೆಗೆದು, ಎರಡು ಮೊನೆ ಎಲ್ಲೆಲ್ಲಿ ಇಟ್ಟಿದ್ದಿರಿ ಎಂಬುದರ ಜೊತೆಗೆ ಸಂಖ್ಯೆಗಳನ್ನು ಇಲ್ಲಿ ಬರೆಯಿರಿ, ಮುಂದಿನ ಜಾಗ ಹೇಳುತ್ತೇನೆ.