ಹನ್ನೆರಡು ಟೆನ್ಸ್ ಮುಗಿದವು, ಬಾಯಿ ಮಾತ್ರ ಬಿಡಲಿಲ್ಲ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಾರಕ್ಕೆ ಮೂರು ಸಂಜೆ, ಕೆಲಸ ಮುಗಿಸಿ ಬರುವ ಒಂಬತ್ತು ಮಂದಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೀರಿ. ನಾಲ್ಕು ತಿಂಗಳಲ್ಲಿ ಹನ್ನೆರಡೂ ಟೆನ್ಸ್ ಮುಗಿಸಿದ್ದೀರಿ. ನೋಟ್‌ಬುಕ್ ತುಂಬಿದೆ. ಆದರೆ ‘ನಿನ್ನೆ ಏನು ಮಾಡಿದಿರಿ’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಒಂಬತ್ತೂ ತಲೆ ಕೆಳಗೆ. ಇದಕ್ಕಿಂತ ಒಳ್ಳೆಯ ಗ್ರಾಮರ್ ಪುಸ್ತಕ ಯಾವುದು, ತಪ್ಪನ್ನೆಲ್ಲ ತಿದ್ದಬೇಕೇ, ತರಗತಿಯಲ್ಲಿ ಕನ್ನಡ ಆಡಬಹುದೇ ಎಂದು ಕೇಳಿದ್ದೀರಿ.

ಪುಸ್ತಕದ ಹೆಸರು ಹೇಳುವುದಿಲ್ಲ, ಬೇಜಾರಾಗಬೇಡಿ. ಇನ್ನೊಂದು ಪುಸ್ತಕ ತಂದರೆ ಇನ್ನೊಂದು ನೋಟ್‌ಬುಕ್ ತುಂಬುತ್ತದೆ, ಅಷ್ಟೇ.

ನಾನೂ ಕೆಲವು ವರ್ಷ ಸಂಜೆ ತರಗತಿ ನಡೆಸಿದವನು. ಮೊದಲ ತಿಂಗಳಲ್ಲೇ ಒಬ್ಬರನ್ನು ಕಳೆದುಕೊಂಡೆ. ಹತ್ತು ಜನರ ಮೇಲೆ ಮೇಸ್ತ್ರಿ ಆಗಿದ್ದವರು. ಅವರನ್ನು ಎಬ್ಬಿಸಿ ನಿಲ್ಲಿಸಿ ಗಟ್ಟಿಯಾಗಿ ಓದಿಸಿದೆ. ‘ಇಸ್ಕೂಲು’ ಎಂದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಮರುದಿನ ಅವರು ಬರಲಿಲ್ಲ, ಆಮೇಲೂ ಬರಲಿಲ್ಲ. ಹಗಲಿಡೀ ನಾಲ್ಕು ಜನ ಮಾತು ಕೇಳುವ ಮನುಷ್ಯ ಸಂಜೆ ನಮ್ಮ ಮುಂದೆ ಮಗುವಿನ ಹಾಗೆ ತೊದಲಬೇಕು. ಅದು ಸಣ್ಣ ಸಂಕಟ ಅಲ್ಲ. ಎಲ್ಲರ ಎದುರು ಒಬ್ಬರನ್ನೇ ಎಬ್ಬಿಸುವುದನ್ನು ಅಂದೇ ಬಿಟ್ಟೆ. ಮೊದಲು ಜೋಡಿಯಲ್ಲಿ ಮಾತು, ಆಮೇಲೆ ಇಷ್ಟವಿದ್ದವರು ಎಲ್ಲರ ಮುಂದೆ.

ಈಗ ಒಂದು ಕೆಲಸ ಮಾಡಿ. ಒಬ್ಬೊಬ್ಬರನ್ನೂ ಕನ್ನಡದಲ್ಲೇ ಕೇಳಿ: ಇಂಗ್ಲಿಷ್ ಬಾರದೆ ಹೋದ ವಾರ ಎಲ್ಲಿ ಸಿಕ್ಕಿಬಿದ್ದಿರಿ? ಉತ್ತರದಲ್ಲೇ ನಿಮ್ಮ ಪಾಠ ಇರುತ್ತದೆ. ನನ್ನ ತರಗತಿಯಲ್ಲಿ ಪಾರ್ಸೆಲ್ ತಲುಪಿಸುವ ಹುಡುಗನೊಬ್ಬನಿದ್ದ. ಫೋನಿನಲ್ಲಿ ‘ಫಿಫ್ಟೀನ್’ ಎಂದದ್ದನ್ನು ‘ಫಿಫ್ಟಿ’ ಎಂದು ಕೇಳಿಸಿಕೊಂಡು ಬೇರೆ ಮನೆಯ ಬಾಗಿಲು ತಟ್ಟಿ ಬೈಸಿಕೊಂಡಿದ್ದ. ಅವತ್ತಿನ ಪಾಠ ಅದೇ ಆಯಿತು. ಎರಡು ಕುರ್ಚಿ ಬೆನ್ನಿಗೆ ಬೆನ್ನು ಹಾಕಿದೆವು. ಮುಖ ಕಾಣುವುದಿಲ್ಲ, ಕೈಸನ್ನೆ ನಡೆಯುವುದಿಲ್ಲ, ಥೇಟ್ ಫೋನೇ. ಒಬ್ಬರ ಚೀಟಿಯಲ್ಲಿ ವಿಳಾಸ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ. ಕೇಳಿ ಬರೆದುಕೊಳ್ಳಬೇಕು. ‘ಫಿಫ್ಟೀನ್’ನಲ್ಲಿ ಒತ್ತಿ ಹೇಳುವುದು ಕೊನೆಯ ‘ಟೀನ್’, ‘ಫಿಫ್ಟಿ’ಯಲ್ಲಿ ಮೊದಲಿನ ‘ಫಿಫ್’ ಎಂದು ತೋರಿಸಿದೆ. ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಒಂದು ಪ್ರಶ್ನೆ: ‘ಒನ್ ಫೈವ್ ಆರ್ ಫೈವ್ ಜೀರೋ?’ ಅದನ್ನು ಅವನು ಮಾರನೇ ದಿನವೇ ಬಳಸಿದ. ಹೀಗೆ ಅರ್ಥವಾಗದಾಗ ಕೇಳುವ ಮಾತುಗಳನ್ನು ಎಲ್ಲಕ್ಕಿಂತ ಮೊದಲು ಕಲಿಸಿ. ‘ಸಾರಿ, ಕ್ಯಾನ್ ಯು ಸೇ ದಟ್ ಅಗೇನ್?’ ಎನ್ನಲು ಬಂದವರು ಗಾಬರಿಯಾಗಿ ಫೋನ್ ಇಡುವುದಿಲ್ಲ.

ಅದೇ ಮಾತನ್ನು ಮತ್ತೆ ಮತ್ತೆ ಆಡಿಸಿ. ಪಾಲ್ ನೇಷನ್ ಎಂಬ ಭಾಷಾ ಬೋಧನೆಯ ತಜ್ಞರ ಬರಹಗಳಿಂದ ಹೆಸರಾದ ಒಂದು ಉಪಾಯ ಇದೆ. ಒಂದೇ ವಿಷಯವನ್ನು ಒಬ್ಬರಿಗೆ 4 ನಿಮಿಷ, ಇನ್ನೊಬ್ಬರಿಗೆ 3, ಮತ್ತೊಬ್ಬರಿಗೆ 2 ನಿಮಿಷದಲ್ಲಿ ಹೇಳುವುದು. ನಿಮ್ಮವರಿಗೆ 4 ನಿಮಿಷ ಜಾಸ್ತಿ. 2ರಿಂದ ಶುರು ಮಾಡಿ 1ಕ್ಕೆ ಇಳಿಸಿ. ಮೂರನೇ ಸಲ ತಡವರಿಸುವುದು ಎಷ್ಟು ಕಡಿಮೆಯಾಗುತ್ತದೆ ಎಂದು ಅವರಿಗೇ ಗೊತ್ತಾಗುತ್ತದೆ.

ತಪ್ಪಿನ ವಿಚಾರ. ಮಾತಿನ ಮಧ್ಯೆ ತಿದ್ದಬೇಡಿ. ನಾವೆಲ್ಲ ಮಾಡುವುದು ಏನು? ಅವರು ತಪ್ಪು ಹೇಳಿದ್ದನ್ನು ನಾವು ಸರಿ ಮಾಡಿ ಹೇಳಿ ಮುಂದೆ ಹೋಗುತ್ತೇವೆ. ಲಿಸ್ಟರ್ ಮತ್ತು ರಾಂಟಾ ಎಂಬ ಇಬ್ಬರು ಸಂಶೋಧಕರು 1997ರಲ್ಲಿ, ಕೆನಡಾದಲ್ಲಿ ಫ್ರೆಂಚ್ ಕಲಿಯುವ ಮಕ್ಕಳ ತರಗತಿಗಳನ್ನು ನೋಡಿ ಬರೆದದ್ದೂ ಇದನ್ನೇ: ಶಿಕ್ಷಕರು ಅತಿ ಹೆಚ್ಚು ಬಳಸುವ ಉಪಾಯ ಇದು, ಕಲಿಯುವವರು ಅತಿ ಕಡಿಮೆ ಕಿವಿಗೊಡುವುದೂ ಇದಕ್ಕೇ. ದೊಡ್ಡವರಲ್ಲೂ ನಾನು ಕಂಡದ್ದು ಅದನ್ನೇ. ಹಾಗಾಗಿ ಪಕ್ಕದಲ್ಲಿ ನಿಂತು ಬರೆದುಕೊಳ್ಳಿ. ಕೊನೆಯ ಹತ್ತು ನಿಮಿಷ ಮೂರೇ ತಪ್ಪುಗಳನ್ನು, ಯಾರದು ಎನ್ನದೆ, ಬೋರ್ಡಿನ ಮೇಲೆ ಹಾಕಿ. ಅವರೇ ತಿದ್ದಲಿ. ‘ಹಿ ಗೋ’ ಎಂಬುದಕ್ಕೆ ‘ಹಿ ಗೋಸ್’ ಎಂದು ಬಡಿದಾಡಬೇಡಿ. ಪುಸ್ತಕದಲ್ಲಿ ಮೊದಲು ಬರುವ ಆ ‘ಎಸ್’ ಬಾಯಿಗೆ ಬರುವುದು ತುಂಬ ತಡವಾಗಿ. ಅದಿಲ್ಲದಿದ್ದರೂ ಅರ್ಥವಾಗುತ್ತದೆ, ಅಲ್ವಾ?

ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಇರುವುದನ್ನೂ ಕಲಿಯಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳಲ್ಲಿ ಲೆಕ್ಕ ಹಾಕಿದಾಗ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3ಕ್ಕೆ ಏರಿಸಿದ್ದೇ ಉತ್ತರಗಳು ಉದ್ದವಾದವು. ಪರಭಾಷೆಯಲ್ಲಿ ಮಾತು ಜೋಡಿಸುವವರಿಗೆ ಇನ್ನೂ ಹೊತ್ತು ಬೇಕು. ನನಗಂತೂ ಇದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ಕನ್ನಡ ಧಾರಾಳವಾಗಿ ಬಳಸಿ. ಏನು ಮಾಡಬೇಕು ಎಂದು ಹೇಳುವುದಕ್ಕೆ, ಒಂದು ಪದದ ಅರ್ಥಕ್ಕೆ ಕನ್ನಡವೇ ಸಾಕು, ಹತ್ತು ನಿಮಿಷ ಉಳಿಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ‘ನಾನು ನಾಳೆ ಬರುತ್ತೇನೆ’ಯಲ್ಲಿ ‘ಬರುತ್ತೇನೆ’ ಇರುವುದು ಕೊನೆಗೆ, ‘ಐ ವಿಲ್ ಕಮ್ ಟುಮಾರೋ’ದಲ್ಲಿ ಅದು ಮುಂದಕ್ಕೆ ಹಾರುತ್ತದೆ. ಇಡೀ ವಾಕ್ಯವನ್ನು ಕನ್ನಡದಲ್ಲಿ ಕಟ್ಟಿಕೊಂಡು ತಿರುಗಿಸಲು ಹೊರಟವರು ಅಲ್ಲೇ ನಿಂತುಬಿಡುತ್ತಾರೆ. ಅದಕ್ಕೇ ಬಿಡಿ ಪದಗಳ ಬದಲು ‘ಐ ವಿಲ್ ಕಮ್’, ‘ಕ್ಯಾನ್ ಐ ಹ್ಯಾವ್’ ಎಂದು ಗೊಂಚಲಾಗಿಯೇ ಕೊಡಿ. ಟೆನ್ಸ್ ಪಾಠ ದಂಡವಾಗಲಿಲ್ಲ. ಮಾತಾಡುವಾಗ ಅನುಮಾನ ಬಂದರೆ ಅವರೇ ಆ ನೋಟ್‌ಬುಕ್ ತೆಗೆಯುತ್ತಾರೆ.

ಒಂದು ಮಾತು ಮರೆತಿದ್ದೆ. ದೊಡ್ಡವರು ತಪ್ಪಿಸುತ್ತಾರೆ. ಓವರ್‌ಟೈಮ್, ಮಗುವಿಗೆ ಜ್ವರ, ಏನಾದರೊಂದು. ನಿನ್ನೆಯದು ಗೊತ್ತಿಲ್ಲದಿದ್ದರೆ ಇಂದಿನದು ಅರ್ಥವಾಗದು ಎಂಬಂತೆ ಪಾಠ ಹೆಣೆದರೆ ಎರಡು ಸಲ ತಪ್ಪಿಸಿದವರು ಪೂರ್ತಿ ಬಿಟ್ಟೇಬಿಡುತ್ತಾರೆ. ಪ್ರತಿ ಸಂಜೆಯೂ ಅಂದಂದಿಗೇ ಮುಗಿಯಲಿ. ಶುರುವಿನ ಐದು ನಿಮಿಷ ಹಳೆಯದನ್ನು ಕೆದಕಲು ಇರಲಿ.

ಮುಂದಿನ ತರಗತಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಎಲ್ಲರನ್ನೂ ಕೇಳಿಯೇ ಮಾಡಿ. ಮನೆಗೆ ಹೋಗಿ ನಿಮ್ಮ ದನಿ ಎಷ್ಟು ನಿಮಿಷ, ಆ ಒಂಬತ್ತು ಜನರದು ಎಷ್ಟು ಎಂದು ಲೆಕ್ಕ ಹಾಕಿ. ನಾನು ಹಾಗೆ ಮಾಡಿದ ಮೊದಲ ದಿನ ಒಂದು ಗಂಟೆಯಲ್ಲಿ ನನ್ನದೇ 47 ನಿಮಿಷ ಇತ್ತು. ನಿಮ್ಮದೆಷ್ಟು ಎಂದು ಬರೆಯಿರಿ.