ರಾತ್ರಿಯಾದರೆ ಒಂದೇ ಕ್ಯಾಮೆರಾ ಆಫ್ ಆಗುತ್ತದೆ, ಡಿವಿಆರ್ ಹಾಳಾಗಿದೆಯಾ?

ನಾಲ್ಕು ಕ್ಯಾಮೆರಾಗಳಲ್ಲಿ ಗೇಟಿನದು ಮಾತ್ರ ಕತ್ತಲಾಗುತ್ತಿದ್ದಂತೆ ‘ವಿಡಿಯೊ ಲಾಸ್’ ತೋರಿಸುತ್ತದೆ, ಬೆಳಗಾದರೆ ತಾನಾಗಿಯೇ ಬರುತ್ತದೆ, ಹೊಸ ಕ್ಯಾಮೆರಾ ಹಾಕಿದರೂ ಅದೇ ಕಥೆ ಎಂದಿದ್ದೀರಿ. ಈಗ ಡಿವಿಆರ್ (ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ) ಬದಲಿಸಬೇಕಾ ಎಂಬುದು ನಿಮ್ಮ ಪ್ರಶ್ನೆ.

ಸದ್ಯಕ್ಕೆ ಬೇಡ. ಕತ್ತಲಾಗಿದೆ ಎಂದು ಡಿವಿಆರ್‌ಗೆ ಗೊತ್ತೇ ಆಗುವುದಿಲ್ಲ, ಗೊತ್ತಾಗುವುದು ಕ್ಯಾಮೆರಾಗೆ. ಆಗ ಅದರ, ಕತ್ತಲಲ್ಲೂ ಚಿತ್ರ ಬರಲೆಂದು ಕಣ್ಣಿಗೆ ಕಾಣದ ಬೆಳಕು ಬೀರುವ, ಐಆರ್ ಎಲ್‌ಇಡಿಗಳು ಹೊತ್ತಿಕೊಳ್ಳುತ್ತವೆ. ಹಗಲಲ್ಲಿ ಎಳೆಯುವುದರ ಎರಡು ಪಟ್ಟು ಕರೆಂಟ್ ಎಳೆಯುವ ಕ್ಯಾಮೆರಾಗಳೂ ಇವೆ. ಅಷ್ಟು ಕರೆಂಟ್ ಸರಿಯಾಗಿ ತಲುಪದಿದ್ದರೆ ವೋಲ್ಟೇಜ್ ಕುಸಿದು ಕ್ಯಾಮೆರಾ ಮಲಗಿಬಿಡುತ್ತದೆ. ನಿಮ್ಮದು ಇದೇ ಇರಬೇಕು ಅನಿಸುತ್ತದೆ.

ನನಗೂ ಹೀಗೇ ಆಗಿತ್ತು. ನಿಮ್ಮ ಹಾಗೆ ನಾನೂ ಮೊದಲು ಏಣಿ ಹತ್ತಿ ಕ್ಯಾಮೆರಾ ಬದಲಿಸಿದೆ, ಸುಮ್ನೆ ದುಡ್ಡು ದಂಡ. ಕೊನೆಗೆ ಹಳೆಯದನ್ನೇ ಡಿವಿಆರ್ ಪಕ್ಕ ಇಟ್ಟು, ಗಿಡ್ಡ ವೈರ್ ಹಾಕಿ, ಒಂದು ರಾತ್ರಿ ಓಡಿಸಿದೆ. ಬೆಳಗಿನವರೆಗೂ ಒಮ್ಮೆಯೂ ಆಫ್ ಆಗಲಿಲ್ಲ! ಆಮೇಲೆ ಕೇಬಲ್ ಹಿಡಿದು ಹೋದರೆ, ಮಧ್ಯದಲ್ಲೊಂದು ಕಡೆ ಬರೀ ಟೇಪ್ ಸುತ್ತಿದ ಜಾಯಿಂಟ್. ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು.

ಇದನ್ನು ನೋಡಲು ನೀವು ರಾತ್ರಿಯವರೆಗೆ ಕಾಯಬೇಕಾಗಿಲ್ಲ. ಹಗಲಲ್ಲೇ ಕ್ಯಾಮೆರಾ ಮುಖಕ್ಕೆ ದಪ್ಪ ಕಪ್ಪು ಬಟ್ಟೆ ಮುಚ್ಚಿ. ಒಳಗಿನ ಫಿಲ್ಟರ್ ‘ಟಕ್’ ಎಂದು ಸರಿಯುತ್ತದೆ, ಐಆರ್ ಹೊತ್ತುತ್ತದೆ. ಆಗಲೇ ಚಿತ್ರ ಹೋದರೆ ಅರ್ಧ ಉತ್ತರ ಸಿಕ್ಕಿತು. ಇನ್ನರ್ಧಕ್ಕೆ ಮಲ್ಟಿಮೀಟರ್ ಬೇಕು. ಬಟ್ಟೆ ಮುಚ್ಚಿರುವಾಗಲೇ, ಕ್ಯಾಮೆರಾ ಕಡೆಯ ತುದಿಯಲ್ಲಿ, ಕ್ಯಾಮೆರಾ ಜೋಡಿಸಿಕೊಂಡೇ ವೋಲ್ಟೇಜ್ ನೋಡಿ. ತುಂಬಾ ಜನ ಎಡವುವುದು ಇಲ್ಲೇ. ಪಿನ್ ಬಿಚ್ಚಿ ಅಳೆದು, ‘12 ವೋಲ್ಟ್ ಸರಿಯಾಗಿ ಬರ್ತಿದೆಯಲ್ಲಾ’ ಅಂತಾರೆ. ಲೋಡ್ ಇಲ್ಲದಾಗ, ಅಂದರೆ ಕ್ಯಾಮೆರಾ ಕರೆಂಟ್ ಎಳೆಯದಾಗ, ಸೊರಗಿದ ಅಡಾಪ್ಟರ್ ಕೂಡ 12 ತೋರಿಸಬಹುದು. ಲೋಡ್ ಇದ್ದಾಗ 10ಕ್ಕಿಂತ ಕೆಳಗಿಳಿದರೆ ಕಳ್ಳ ಸಿಕ್ಕಿದ ಹಾಗೆ.

ಕೇಬಲ್ ಉದ್ದವನ್ನೂ ಲೆಕ್ಕಕ್ಕೆ ತಗೊಳ್ಳಿ. 24 ಗೇಜ್‌ನ ತಾಮ್ರದ ತಂತಿ 40 ಮೀಟರ್ ದೂರ ಹೋದರೆ, ಹೋಗಿ ಬರುವ ದಾರಿ ಸೇರಿ 80 ಮೀಟರ್. ಅದರ ರೆಸಿಸ್ಟೆನ್ಸ್ ಸುಮಾರು 6.7 ಓಮ್. ಕ್ಯಾಮೆರಾ 0.4 ಆಂಪಿಯರ್ ಎಳೆದರೆ ದಾರಿಯಲ್ಲೇ 2.7 ವೋಲ್ಟ್ ಹೋಯಿತು, ತಲುಪುವುದು 9.3 ಮಾತ್ರ. ಹಗಲಲ್ಲಿ 0.2 ಎಳೆಯುವಾಗ ಸುಮಾರು 10.7 ಇರುತ್ತದೆ, ಅದಕ್ಕೇ ಏನೂ ಗೊತ್ತಾಗುವುದಿಲ್ಲ. ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಮೇಲೆ ಕೆಂಪು, ಒಳಗೆ ಬಿಳಿ ಇದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ನಷ್ಟ ಇನ್ನೂ ಒಂದೂವರೆ ಪಟ್ಟು.

ಜಾಯಿಂಟ್ ಕೆಟ್ಟಿದ್ದರೆ ಕತ್ತರಿಸಿ ಹೊಸದಾಗಿ ಬೆಸುಗೆ ಹಾಕಿ, ನೀರು ಬೀಳದ ಡಬ್ಬಿಯೊಳಗಿಡಿ. ಕೇಬಲ್ಲೇ ತೆಳುವಾಗಿದ್ದರೆ, ನಿಮ್ಮದು 3+1 (ಮೂರು ತಂತಿ, ಜೊತೆಗೊಂದು ವಿಡಿಯೊ ಕೇಬಲ್) ಆಗಿದ್ದಲ್ಲಿ, ಆಡಿಯೊಗೆಂದು ಬಿಟ್ಟ ಮೂರನೇ ತಂತಿ ಖಾಲಿ ಇರಬಹುದು. ಎರಡೂ ತುದಿಯಲ್ಲಿ ಅದನ್ನು ಪ್ಲಸ್ ತಂತಿಗೆ ಸೇರಿಸಿ. ಪ್ಲಸ್ ಕಡೆಯ ನಷ್ಟ ಅರ್ಧವಾಗುತ್ತದೆ. ಗೇಟಿನ ಹತ್ತಿರ ಪ್ಲಗ್ ಇದ್ದರೆ ಅಲ್ಲೇ ಬೇರೆ ಅಡಾಪ್ಟರ್ ಹಾಕುವುದು ಎಲ್ಲಕ್ಕಿಂತ ಸುಲಭ. ಎಸ್‌ಎಂಪಿಎಸ್‌ನ (ಎಲ್ಲ ಕ್ಯಾಮೆರಾಗಳಿಗೂ ಕರೆಂಟ್ ಕೊಡುವ ಪವರ್ ಸಪ್ಲೈ) ಸ್ಕ್ರೂ ತಿರುಗಿಸಿ ವೋಲ್ಟೇಜ್ ಏರಿಸಲು ಯಾರಾದರೂ ಹೇಳಿದರೆ ಕೇಳಬೇಡಿ. ಹತ್ತಿರದಲ್ಲಿರುವ ಉಳಿದ ಮೂರು ಕ್ಯಾಮೆರಾಗಳಿಗೂ ಅದೇ ಜಾಸ್ತಿ ವೋಲ್ಟೇಜ್ ಹೋಗುತ್ತದೆ.

ಅಳೆದಾಗ ವೋಲ್ಟೇಜ್ ಚೆನ್ನಾಗಿಯೇ ಇದ್ದರೆ ಮಾತ್ರ ಡಿವಿಆರ್ ಹಿಂದೆ ಹೋಗಿ, ಗೇಟಿನ ವಿಡಿಯೊ ಕೇಬಲ್ ತುದಿಯ ಪಿನ್, ಅಂದರೆ ಬಿಎನ್‌ಸಿಯನ್ನು ಪಕ್ಕದ ಚಾನೆಲ್‌ನದರ ಜೊತೆ ಅದಲು ಬದಲು ಮಾಡಿ. ಆಮೇಲೂ ಗೇಟಿನ ಚಿತ್ರವೇ ಹೋಗುತ್ತಿದ್ದರೆ ಡಿವಿಆರ್‌ನದೇನೂ ತಪ್ಪಿಲ್ಲ.