ಎನ್‌ಹ್ಯಾನ್ಸರ್‌ಗೆ ಸುದ್ದಿ ತಲುಪಿಸುವವರು ಯಾರು?

ಹಾರ್ಮೋನ್ ಬಂದದ್ದು ಜೀನಿನಿಂದ ಅಷ್ಟು ದೂರದ ಎನ್‌ಹ್ಯಾನ್ಸರ್‌ಗೆ (ಜೀನನ್ನು ಚಾಲೂ ಮಾಡಲು ನೆರವಾಗುವ ಡಿಎನ್‌ಎ ತುಣುಕಿಗೆ) ಹೇಗೆ ಗೊತ್ತಾಗುತ್ತದೆ, ಅದು ಜೀನನ್ನು ಹೇಗೆ ಚಾಲೂ ಮಾಡುತ್ತದೆ ಅಂತ ಕೇಳಿದ್ದೀರಿ.

ಎನ್‌ಹ್ಯಾನ್ಸರ್‌ಗೆ ತಾನಾಗಿ ಏನೂ ಗೊತ್ತಾಗುವುದಿಲ್ಲ. ಅದು ಪ್ರೋಟೀನ್‌ಗಳು ಬಂದು ಕೂರುವ ಜಾಗ, ಅಷ್ಟೇ. ಸುದ್ದಿ ತರುವುದು ಆ ಪ್ರೋಟೀನ್‌ಗಳು. ಕಾರ್ಟಿಸಾಲ್ ಎಂಬ ಹಾರ್ಮೋನ್ ನೋಡಿ. ಅದನ್ನು ಹಿಡಿಯುವ ಪ್ರೋಟೀನ್, ಅಂದರೆ ಅದರ ರಿಸೆಪ್ಟರ್, ಕೋಶದ ನ್ಯೂಕ್ಲಿಯಸ್ಸಿನ ಹೊರಗೆ, ಬೇರೆ ಪ್ರೋಟೀನ್‌ಗಳ ಹಿಡಿತದಲ್ಲಿ ಇರುತ್ತದೆ. ಕಾರ್ಟಿಸಾಲ್ ಬಂದು ಅಂಟಿಕೊಂಡರೆ ರಿಸೆಪ್ಟರ್‌ನ ಆಕಾರ ಬದಲಾಗುತ್ತದೆ. ಆಗ ಒಳಗೆ ಹೋಗಿ, ಎನ್‌ಹ್ಯಾನ್ಸರ್‌ನ ಡಿಎನ್‌ಎಯಲ್ಲಿ ಸುಮಾರು 15 ಅಕ್ಷರಗಳ ಗುರುತಿನ ಮೇಲೆ ಜೋಡಿಯಾಗಿ ಕೂರುತ್ತದೆ. ಅದು ಕರೆತರುವ ಪ್ರೋಟೀನ್‌ಗಳು ಹಿಸ್ಟೋನ್‌ಗಳಿಗೆ (ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್‌ಗಳಿಗೆ) ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಸೇರಿಸಿ ಸುತ್ತಿಕೊಂಡ ಡಿಎನ್‌ಎಯನ್ನು ಸಡಿಲ ಮಾಡುತ್ತವೆ. ಮೀಡಿಯೇಟರ್ ಎಂಬ ದೊಡ್ಡ ಪ್ರೋಟೀನ್ ಗುಂಪು ಜೀನನ್ನು ಓದಿ ಆರ್‌ಎನ್‌ಎ ಪ್ರತಿ ತೆಗೆಯುವ ಆರ್‌ಎನ್‌ಎ ಪಾಲಿಮರೇಸ್‌ಗೆ ಕೊಂಡಿಯಾಗುತ್ತದೆ.

ಇನ್ನು ದೂರ. ಡಿಎನ್‌ಎ ನೆಟ್ಟಗೆ ಚಾಚಿಕೊಂಡಿರುವುದಿಲ್ಲ ಅಲ್ವಾ? ಅದು ಬಾಗಿ ಕುಣಿಕೆಯಾದಾಗ ದೂರದ ಎನ್‌ಹ್ಯಾನ್ಸರ್ ಜೀನಿನ ಹತ್ತಿರವೇ ಬರುತ್ತದೆ. ನನಗೆ ಬಹಳ ಇಷ್ಟವಾದ ಉದಾಹರಣೆ ಸಾನಿಕ್ ಹೆಡ್ಜ್‌ಹಾಗ್ ಜೀನ್. ಕೈಕಾಲು ಬೆಳೆಯುವಾಗ ಅದನ್ನು ನಡೆಸುವ ಎನ್‌ಹ್ಯಾನ್ಸರ್ ಸುಮಾರು 10 ಲಕ್ಷ ಅಕ್ಷರ ಆಚೆ, ಬೇರೊಂದು ಜೀನಿನ ಒಳಗಿದೆ! ಅಲ್ಲಿ ಒಂದೇ ಅಕ್ಷರ ತಪ್ಪಿದರೂ ಮಗುವಿಗೆ ಹೆಚ್ಚುವರಿ ಬೆರಳು ಬರಬಹುದು.

ಒಂದೇ ಕಾರ್ಟಿಸಾಲ್ ಬೇರೆ ಬೇರೆ ಕೋಶಗಳಲ್ಲಿ ಬೇರೆ ಜೀನ್‌ಗಳನ್ನು ಎಬ್ಬಿಸುವುದಕ್ಕೆ ಮುಖ್ಯ ಕಾರಣ, ಯಾವ ಎನ್‌ಹ್ಯಾನ್ಸರ್‌ಗಳು ಮೊದಲೇ ತೆರೆದಿವೆ ಅನ್ನುವುದು ಕೋಶದಿಂದ ಕೋಶಕ್ಕೆ ಬದಲಾಗುವುದು.